ರಿತಿಯ ಕೊರಳ ಹಗ್ಗ

ಅರೆಕಿಪಾ, ಮಂಗಳವಾರ

ನಾದಿನಿ ಇಲಾರಿಯಾಗೆ,

ಇಲ್ಲಿ ಚಳಿ ಕಡಿಮೆ, ಮೊಣಕಾಲು ನೋವು ತಗ್ಗಿದೆ.

ನಮ್ಮ ಬಿಳಿ ಅಲ್ಪಾಕ ರಿತಿ ಇದ್ದಾಳಲ್ಲ, ಅವಳ ತಳಿಯ ಬಣ್ಣ ತಿಳಿಯಲು ನಾನು ತಂದ ಉಣ್ಣೆ ನೋಡಿ ಪ್ರಯೋಗಾಲಯದ ಹುಡುಗಿ ನಕ್ಕಳು. "ಕತ್ತರಿಸಿ ತಂದಿದ್ದೀರಲ್ಲಮ್ಮಾ, ಪರೀಕ್ಷೆಗೆ ಬುಡ ಸಮೇತ ಕೀಳ್ಬೇಕಿತ್ತು."

"ಕೀಳೋಕೆ ಅದೇನು ಕೋಳೀನಾ ಮಗಳೇ?" ಅಂದೆ.

ಆಮೇಲೆ ನನ್ನ ಬಟ್ಟೆಯ ಗಂಟಿಗೆ ಸುತ್ತಿದ್ದ ಹಗ್ಗ ಅವಳ ಕಣ್ಣಿಗೆ ಬಿತ್ತು. ನಿನ್ನ ಅಣ್ಣ ರಿತಿಯ ಕೊರಳಿಗೆಂದೇ ಹೆಣೆದದ್ದು. ಅದರ ಎಳೆಗಳಲ್ಲಿ ರಿತಿಯ ಕೊರಳಿಂದ ಕಿತ್ತು ಬಂದ, ಬುಡವಿರುವ ಕೂದಲು ಸಿಕ್ಕವು.

ಇವತ್ತು ಉತ್ತರ ಬಂತು. ರಿತಿಯ ಬಿಳಿಯ ಅಡಿಯಲ್ಲಿ ಅವಳ ಅಜ್ಜಿಯ ಕಪ್ಪು ಉಳಿದಿದೆ, ಮರಿಗೆ ಬರಬಹುದು. ನಿನ್ನ ಅಣ್ಣ ಬದುಕಿದ್ದಾಗ, "ಕಪ್ಪು ಎಲ್ಲೂ ಹೋಗಿಲ್ಲ ಕಣ್ರೇ, ಒಳಗೇ ಕೂತಿದೆ" ಎಂದು ಉಣ್ಣೆ ಕತ್ತರಿಸುವಾಗೆಲ್ಲ ಹೇಳುತ್ತಿದ್ದರು. ನಾವಿಬ್ಬರೂ ನಗುತ್ತಿದ್ದೆವು.

ಕಪ್ಪು ತಳಿ ಮುಗಿಯಿತೆಂದು ರಿತಿಯನ್ನು ತಿಂಗಳ ಕೊನೆಯ ಸಂತೆಗೆ ಮಾರಲು ಒಯ್ಯಬೇಡ. ಹಗ್ಗ ಜೋಪಾನವಾಗಿದೆ, ತರುತ್ತೇನೆ.

ನಿನ್ನ ಅತ್ತಿಗೆ
ಫೌಸ್ತಿನಾ