ಹಿಂದಿನ ಸೀಟಿನ ಬೆಲ್ಟು

ಮೇದಿನಿ,

ಇವತ್ತು ಅನು, ನವನೀತ್ ಮತ್ತು ನಾನು ಬೆಲ್ಮಾರ್ ಬೀಚಿಗೆ ಹೋಗಿದ್ದೆವು. ನಿನ್ನ ಅಸ್ಥಿ ಬಿಟ್ಟ ಮೇಲೆ ಆ ಕಡಲಿನತ್ತ ಹೋದದ್ದು ಇದೇ ಮೊದಲು. ಏಪ್ರಿಲ್‌ನಲ್ಲಿ ಇನ್ನೂ ಚಳಿ ಬಿಟ್ಟಿಲ್ಲವಾದ್ದರಿಂದ ಬೀಚಿನ ಬಾಗಿಲಲ್ಲಿ ಟಿಕೆಟ್ ಕೇಳುವವರೂ ಇರಲಿಲ್ಲ, ಜನವೂ ಇರಲಿಲ್ಲ. ಚಳಿಗಾಳಿಯಲ್ಲಿ ಕೂತು, ಮರಳು ಸೇರಿದ ಪುಳಿಯೋಗರೆ ತಿಂದೆವು.

ನೀರಿನಿಂದ ಕೊನೆಗೆ ಏಳುತ್ತಿದ್ದವಳು ಯಾವಾಗಲೂ ನೀನೇ ಅಲ್ಲವೇ? ಹೊರಡುವಾಗ ಹಳೇ ಅಭ್ಯಾಸದಿಂದ ಕಡಲಿನ ಕಡೆ ತಿರುಗಿ ಕೂಗಿಬಿಟ್ಟೆ: "ಮೇದಿನೀ, ಸಾಕು ಬಾರೇ, ಹೊರಡೋಣ!"

ಅನು ನನ್ನ ಬಾಯಿ ಮುಚ್ಚಿದಳು. "ಅಸ್ಥಿ ಬಿಟ್ಟ ಕಡೆ ಹೆಸರು ಹಿಡಿದು ಕರೀಬಾರ್ದು ಕಣೇ. ನಿಂಗೊತ್ತಿಲ್ವಾ?"

ಗೊತ್ತಿತ್ತು.

ಕಾರು ಪಾರ್ಕ್‌ವೇ ಹೆದ್ದಾರಿ ಹತ್ತಿದ ಕೂಡಲೇ ಸೀಟ್‌ಬೆಲ್ಟಿನ ಬೆಲ್ ಹೊಡೆಯತೊಡಗಿತು. ಹಿಂದೆ ಯಾರೋ ಬೆಲ್ಟ್ ಹಾಕಿಲ್ಲವಂತೆ. ಹಿಂದೆ ಇದ್ದವಳು ಅನು ಒಬ್ಬಳೇ, ಅವಳು ಹಾಕಿಕೊಂಡಿದ್ದಳು.

"ಏನೋ ಸೆನ್ಸರ್ ಪ್ರಾಬ್ಲಮ್," ಎಂದ ನನ್ನ ಪಕ್ಕದಲ್ಲಿದ್ದ ನವನೀತ್.

ಅನು ಕೈ ಚಾಚಿ ನಿನ್ನ ಜಾಗದ ಬೆಲ್ಟನ್ನು ಸಿಕ್ಕಿಸಿದಳು. ಬೆಲ್ ನಿಂತಿತು. ನಮ್ಮೂರು ಮಾರಿಸ್‌ಟೌನ್ ಬರುವವರೆಗೂ ಅವಳು ನಿನಗೆ ಜಾಗ ಬಿಟ್ಟು, ಬಾಗಿಲಿಗೆ ಒತ್ತಿಕೊಂಡೇ ಕೂತಿದ್ದಳು.

ಅವರಿಬ್ಬರೂ ಇಳಿದು ಹೋದರು. ನಾನು ಮನೆಯ ಮುಂದೆ ಕಾರಿನಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ನಿನ್ನ ಬೆಲ್ಟನ್ನು ಇನ್ನೂ ಬಿಚ್ಚಿಲ್ಲ.