ಭಾವನ ಬಾಟಲಿ

ಮಂಗಳವಾರ, ಹನ್ನೆರಡನೇ ತಾರೀಖು

ನನ್ನ ಒಣಮೆಣಸಿನಕಾಯಿ ಸೊಸೆಗೆ, ನಿನ್ನ ಅಮ್ಮನ ಒಬ್ಬನೇ ತಮ್ಮನ ಆಶೀರ್ವಾದಗಳು.

ಮೂತ್ರ ಕೆಂಪಗೆ ಹೋಗುತ್ತಿದೆ ಎಂದು ಫೋನಿನಲ್ಲಿ ಬಾಯಿ ತಪ್ಪಿ ಹೇಳಿದ್ದೇ ತಡ, ಪರೀಕ್ಷೆ ಮಾಡಿಸುವವರೆಗೆ ಮಾತು ಬಿಟ್ಟೆ ಎಂದೆಯಲ್ಲ? ಮಾಡಿಸಿದೆ. ನಡೆದದ್ದನ್ನು ಕಾಗದದಲ್ಲೇ ಹೇಳುತ್ತೇನೆ. ನಿನ್ನ ಬೈಗುಳ ಕಾಗದಕ್ಕೆ ಕೇಳಿಸುವುದಿಲ್ಲ ನೋಡು.

ಬಣ್ಣದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಣ್ಣದ ತೊಟ್ಟಿಗೆ ನೂಲು ಅದ್ದಿದವನು ನಾನು. ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸಾದರೂ ಹದಿನೆಂಟು ಥರದ ಕೆಂಪನ್ನು ದೂರದಿಂದಲೇ ಹೇಳಬಲ್ಲೆ. ಮೇಸ್ತ್ರಿಯೇ ನನ್ನನ್ನು ಕರೆದು ಕೇಳುತ್ತಿದ್ದ. ನಮ್ಮಲ್ಲಿ ಯಾರಿಗೆ ಕೆಂಪಗೆ ಹೋದರೂ "ತೊಟ್ಟಿ ಹೊಟ್ಟೆಗಿಳಿದಿದೆ ಕಣೋ" ಎಂದು ನಕ್ಕು ಸುಮ್ಮನಾಗುತ್ತಿದ್ದೆವು. ನಾನೂ ಹಾಗೇ ಅಂದುಕೊಂಡೆ. ನೋವಿಲ್ಲ, ಉರಿಯಿಲ್ಲ, ಬರುತ್ತದೆ, ನಿಲ್ಲುತ್ತದೆ.

ನಿನಗೆ ಚೊಕ್ಕ ರಿಪೋರ್ಟು ತೋರಿಸಿ ಮೀಸೆ ತಿರುವೋಣವೆಂದು, ಲ್ಯಾಬಿನವರು ಕೊಟ್ಟ ಬಾಟಲಿಯನ್ನು ನಿನ್ನ ಅಪ್ಪನ ಕೈಗಿಟ್ಟೆ. ಬೀಡಿ ಮುಟ್ಟದ, ಗಡಿಯಾರ ನೋಡಿ ಉಣ್ಣುವ ಭಾವ! "ಹೆಂಡ್ತಿ ತಮ್ಮ ಏನೇನೋ ಕೇಳ್ತಾನೆ ಅಂತ ಗೊತ್ತಿತ್ತು, ಇದನ್ನೂ ಕೇಳ್ತಾನೆ ಅಂತ ಗೊತ್ತಿರಲಿಲ್ಲ" ಎಂದು ಗೊಣಗುತ್ತಲೇ ತುಂಬಿಸಿ ಕೊಟ್ಟರು. ತಿಳಿನೀರಿನಂತಿತ್ತು.

ರಿಪೋರ್ಟು ಬಂತು: ಮೂತ್ರದಲ್ಲಿ ರಕ್ತ.

ಯಂತ್ರ ಕೆಟ್ಟಿದೆ ಎಂದು ಜಗಳಕ್ಕೆ ನಿಂತೆ. ಕಣ್ಣಿಗೆ ಕಾಣದ ರಕ್ತ ಸೂಕ್ಷ್ಮದರ್ಶಕಕ್ಕೆ ಕಾಣುತ್ತೆ ಯಜಮಾನರೇ, ಎಂದರು ಡಾಕ್ಟರಮ್ಮ. ಕಲ್ಲಿರಬಹುದು, ಸೋಂಕಿರಬಹುದು, ಈ ವಯಸ್ಸಿನಲ್ಲಿ ಪ್ರಾಸ್ಟೇಟ್ ಊದಿರಬಹುದು, ಮೂತ್ರಪಿಂಡದ್ದೇ ತೊಂದರೆಯಿರಬಹುದು. ಮೂತ್ರಕೋಶದಲ್ಲಿ ಗಡ್ಡೆಯೂ ಇರಬಹುದು, ನೋಡದೆ ಹೇಳಲಾಗದಂತೆ. ಏನು ಕೆಲಸ ಎಂದರು. ಬಣ್ಣ ಎಂದೆ. ಬರೆಯುತ್ತಿದ್ದ ಪೆನ್ನು ನಿಂತಿತು. ಬೀಡಿಯುಂಟೇ ಎಂದರು. ತಲೆ ತಗ್ಗಿಸಿದೆ. ಬಣ್ಣ, ಬೀಡಿ ಎರಡೂ ಮೂತ್ರಕೋಶಕ್ಕೆ ಕೆಟ್ಟವು, ನೋವಿಲ್ಲವೆಂದು ಕೂರಬೇಡಿ, ಬೇಗ ಸ್ಕ್ಯಾನ್ ಮಾಡಿಸಿ ಎಂದರು. ಉತ್ತರ ನನ್ನದು, ರಕ್ತ ಭಾವನದು!

ಎರಡು ದಿನ ರಿಪೋರ್ಟನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿದೆ. ನಿನ್ನೆ ಭಾವನ ಮುಂದೆ ಕೂತು ಎಲ್ಲ ಒಪ್ಪಿಕೊಂಡೆ. ಅವರು ರಿಪೋರ್ಟನ್ನು ಎರಡು ಸಲ ಓದಿ ಮಡಿಸಿಟ್ಟು, "ನೀನು ಮೋಸ ಮಾಡದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ವಲ್ಲೋ" ಎಂದರು. ಬೈದಿದ್ದರೆ ವಾಸಿಯಿತ್ತು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಿನ್ನದೇನಾಗಿದೆ?" ಎಂದು ಕೇಳಿದರು.

ಮುಂದಿನ ವಾರ ಗುರುವಾರ ಇಬ್ಬರೂ ಸ್ಕ್ಯಾನಿಗೆ ಹೋಗುತ್ತಿದ್ದೇವೆ. ನಿನ್ನ ಅಮ್ಮನಿಗೆ ಇನ್ನೂ ಹೇಳಿಲ್ಲ. ರಜೆ ಹಾಕಿ ಬಾ. ನಿನ್ನ ಅಪ್ಪನಿಗಾಗಿ ಬಾ. ನನಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೇನೆ.

ಇಂತಿ,
ನಿನ್ನ ಮಾವ

ತಾ.ಕ.: ತೊಟ್ಟಿಯ ಬಣ್ಣವೆಂದುಕೊಂಡೆ ಎಂದು ಮೇಲೆ ಬರೆದದ್ದು ಸುಳ್ಳು. ಮೊದಲ ದಿನವೇ ಗೊತ್ತಿತ್ತು. ಬಣ್ಣ ಹೆಪ್ಪುಗಟ್ಟುವುದಿಲ್ಲ, ಮಗಳೇ.