ಕೊನೆಯ ಬಸ್ಸು, ಕೊನೆಯ ಹಾಡು

ಶನಿವಾರ, ಅಕ್ಟೋಬರ್ 14, 2023

ಕಿವಿಯೊಳಗೆ ಇನ್ನೂ ಗುಂಯ್ ಎನ್ನುತ್ತಿದೆ. ಇದು ನಿಲ್ಲದೇ ಹೋದರೆ ಏನು ಗತಿ? ಡಾಕ್ಟರಿಗೆ ತೋರಿಸಬೇಕೋ ಏನೋ.

ಮೂವತ್ತನಾಲ್ಕು ವರ್ಷದ ಹಿಂದೆ ಇದೇ ಗ್ಲಾಸ್ಗೋದಲ್ಲಿ, ‘ಟಿನ್ ಹೆರಿಂಗ್ಸ್’ ಬ್ಯಾಂಡಿನವರು ಕೊನೆಯ ಹಾಡು ಎತ್ತಿಕೊಳ್ಳುವ ಹೊತ್ತಿಗೆ ನಾನು ಗೆಳತಿ ಸೆಂಗಾಳನ್ನು ಹೊರಗೆಳೆದುಕೊಂಡು ಬಂದಿದ್ದೆ. ನಮ್ಮೂರು ರುದರ್‌ಗ್ಲೆನ್‌ಗೆ ಹೋಗುವ ಕೊನೆಯ ಬಸ್ಸು ತಪ್ಪೀತೆಂಬ ಭಯ. ಬಸ್ಸೇನೋ ಸಿಕ್ಕಿತು. ಮರುವಾರವೇ ಬ್ಯಾಂಡು ಒಡೆಯಿತು. ಸೆಂಗಾ ಒಂದು ಮಾತೂ ಬೈಯಲಿಲ್ಲ. ಅದೇ ನನ್ನನ್ನು ಇಷ್ಟು ವರ್ಷ ಕೊರೆದದ್ದು.

ಇಂದು ಅವರು ಮತ್ತೆ ಕೂಡಿ ಹಾಡಿದರು. ಹಾಡುವವನ ತಲೆ ಬೋಳಾಗಿದೆ, ದನಿ ಹಾಗೇ ಇದೆ. ಕೊನೆಯ ಹಾಡು ಎತ್ತಿಕೊಳ್ಳುವ ಹೊತ್ತಿಗೆ ನಾನು ಮೆಲ್ಲಗೆ ಕೈಗಡಿಯಾರ ನೋಡಿದೆ.

“ಲೇ ಐಸೊಬೆಲ್, ಇನ್ನೊಂದ್ಸಲ ನೋಡಿದ್ರೆ ಕೈ ಕಚ್ತೀನಿ,” ಎಂದಳು ಸೆಂಗಾ.

“ಬಸ್ ಹೋದ್ರೆ ಏನೇ ಮಾಡೋದು?”

“ನಡ್ಯೋದು. ನೋಯೋ ಮೊಣಕಾಲು ನಿಂದು, ನಂಗೇನು?”

ಗಡಿಯಾರ ಬಿಚ್ಚಿ ಅವಳ ಕೈಗೇ ಕೊಟ್ಟೆ. ಒಂದು ಪದ್ಯವೂ ತಲೆಗೆ ಹತ್ತದೆ ಶಾಲೆ ಬಿಟ್ಟಿದ್ದ ನಾನು, ಅಂದು ತಪ್ಪಿಹೋಗಿದ್ದ ಆ ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿದೆ. ಸೆಂಗಾ ಹಾಡಲಿಲ್ಲ; ಕಣ್ಣು ಮುಚ್ಚಿ ಬರೀ ಕೇಳುತ್ತ ನಿಂತಿದ್ದಳು.

ಬಸ್ಸು ಹೋಗಿಯೇ ಬಿಟ್ಟಿತ್ತು. ಮೂರು ಮೈಲಿ ನಡೆದೆವು. ಮೊಣಕಾಲು ಊದಿದೆ. ಗಡಿಯಾರ ಅವಳ ಹತ್ತಿರವೇ ಉಳಿಯಿತು. ಈಗ ಗಂಟೆ ಎಷ್ಟಾಯಿತೋ. ಕಿವಿಯ ಸದ್ದು ಸ್ವಲ್ಪ ಇಳಿದ ಹಾಗಿದೆ. ಇಳಿಯದಿರಲಿ, ಇವತ್ತೊಂದು ರಾತ್ರಿ.